ಟಿಕೆಟ್ ಕೈಯಲ್ಲಿರುವಾಗ ‘ವಿಲ್’ ಏಕೆ?

(ನಮ್ಮೂರಿನ ಗ್ರಂಥಾಲಯದ ಸಭಾಂಗಣದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಯಲ್ಲಿ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಗ್ರಂಥಾಲಯದವರು ಕರೆಯಲು ಬಂದಾಗ, ಯಾವ ವಿಷಯದ ಬಗ್ಗೆ ಮಾತನಾಡಲಿ ಎಂದು ಕೇಳಿದೆ. ‘ಸಾರ್, ನಮ್ಮ ಓದುಗರಲ್ಲಿ ಅರ್ಧ ಜನ ಮಗನ ಮನೆಗೋ ಮಗಳ ಮನೆಗೋ ವಿಮಾನ ಹತ್ತುವ ಹಿರಿಯರು. ಉಳಿದವರು ಸಂದರ್ಶನಕ್ಕೆಂದು ವಾರಕ್ಕೊಮ್ಮೆ ಬೆಂಗಳೂರಿನ ಬಸ್ಸು ಹತ್ತುವ ಹುಡುಗರು. ಇಬ್ಬರಿಗೂ ಆಗುವ ಹಾಗೆ ಇಂಗ್ಲಿಷಿನ ಬಗ್ಗೆ ಏನಾದರೂ ಹೇಳಿ’ ಎಂದರು. ಇಬ್ಬರಿಗೂ ಆಗುವ ವಿಷಯ ನನಗೆ ಹೊಳೆದದ್ದು ಒಂದೇ, ಪ್ರಯಾಣ. ಅದರಲ್ಲೂ ಇನ್ನೂ ಹೊರಡದ ಪ್ರಯಾಣ. ಹೋಗಿ ಬಂದ ಊರಿನ ಬಗ್ಗೆ ನಾವು ಇಂಗ್ಲಿಷಿನಲ್ಲಿ ಒಂದು ಮಟ್ಟಿಗೆ ಚೆನ್ನಾಗಿಯೇ ಮಾತನಾಡುತ್ತೇವೆ. ಹೋಗಬೇಕಾದ ಊರಿನ ಮಾತು ಬಂದಾಗ ಮಾತ್ರ ಎಡವುತ್ತೇವೆ.

ಎಡವುವುದಕ್ಕೆ ಕಾರಣ ನನ್ನಂಥವರೇ. ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಮೂರು ಕಾಲಂ ಗೀಚಿ, ಭೂತ, ವರ್ತಮಾನ, ಭವಿಷ್ಯತ್ ಎಂದು ತಲೆಬರಹ ಕೊಟ್ಟು, ಮೂರನೆಯದರ ಕೆಳಗೆ ‘ಶಲ್, ವಿಲ್’ ಎಂದು ಬರೆದು ಸುಣ್ಣದ ಕೈ ಒರೆಸಿಕೊಂಡವನು ನಾನು. ಅದನ್ನು ಬಾಯಿಪಾಠ ಮಾಡಿದವರು ಇವತ್ತಿಗೂ ನಾಳೆಯ ಮಾತು ಬಂದರೆ ಸಾಕು, ‘ವಿಲ್’ ಹುಡುಕುತ್ತಾರೆ.

ನಮ್ಮ ಪಕ್ಕದ ಮನೆಯವರದೊಂದು ಪ್ರಸಂಗ ಹೇಳುತ್ತೇನೆ. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಅಮೆರಿಕದಲ್ಲಿರುವ ಮಗ ವಿಡಿಯೊ ಕರೆಯಲ್ಲಿ ತನ್ನ ನೆರೆಯವರೊಬ್ಬರನ್ನು ಪರಿಚಯಿಸಿದ. ಇವರು ಖುಷಿಯಿಂದ ‘ಐ ವಿಲ್ ಕಮ್ ಟು ಸಿಯಾಟಲ್ ಇನ್ ಜೂನ್’ ಎಂದರು. ಆ ಕಡೆಯಿಂದ ‘ದಟ್ಸ್ ಗ್ರೇಟ್! ಹ್ಯಾವ್ ಯು ಬುಕ್ಡ್ ಯೆಟ್?’ ಎಂಬ ಪ್ರಶ್ನೆ ಬಂತು. ನಮ್ಮವರಿಗೆ ಸ್ವಲ್ಪ ಬೇಸರವಾಯಿತು. ಟಿಕೆಟ್ ತೆಗೆದು ನಾಲ್ಕು ತಿಂಗಳಾಗಿದೆ, ಚಟ್ನಿಪುಡಿಯ ಪಟ್ಟಿ ಸಿದ್ಧವಾಗಿದೆ, ಸೂಟ್‌ಕೇಸನ್ನು ಎರಡು ಸಲ ತೂಗಿ ಆಗಿದೆ. ಆ ಕಡೆಯವರು ನೋಡಿದರೆ ಇನ್ನೂ ಟಿಕೆಟ್ ಆಗಿದೆಯೇ ಎಂದು ಕೇಳುತ್ತಿದ್ದಾರಲ್ಲ ಎಂದು. ಆ ಅಮೆರಿಕನ್ನರ ತಪ್ಪಿಲ್ಲ. ಇವರು ಬಳಸಿದ ಕ್ರಿಯಾಪದದಲ್ಲಿ ಟಿಕೆಟ್ ಇರಲಿಲ್ಲ. ‘ಐ ವಿಲ್ ಕಮ್’ ಎಂದರೆ ಅವರ ಕಿವಿಗೆ ‘ಬಂದೇ ಬರುತ್ತೇನೆ ಬಿಡಿ’ ಎಂಬ ಭರವಸೆಯೋ ಈಗ ತಾನೇ ಮಾಡಿದ ನಿರ್ಧಾರವೋ ಆಗಿ ಕೇಳಿಸುತ್ತದೆ. ‘ಐ ಆ್ಯಮ್ ಕಮಿಂಗ್ ಟು ಸಿಯಾಟಲ್ ಇನ್ ಜೂನ್’ ಎಂದಿದ್ದರೆ ಆ ಪ್ರಶ್ನೆಯ ಬದಲು ‘ಎಷ್ಟು ದಿನ ಇರುತ್ತೀರಿ?’ ಎಂಬ ಪ್ರಶ್ನೆ ಬರುತ್ತಿತ್ತು.

ಇಂಗ್ಲಿಷಿಗೆ ಭವಿಷ್ಯತ್ ಕಾಲವೇ ಇಲ್ಲ ಎಂದರೆ ನಿಮಗೆ ಆಶ್ಚರ್ಯವಾದೀತು. ಇದು ನಾನು ಕಟ್ಟಿದ ಕತೆಯಲ್ಲ. 2002ರಲ್ಲಿ ಕೇಂಬ್ರಿಡ್ಜಿನಿಂದ ಬಂದ ರಾಡ್ನಿ ಹಡಲ್‌ಸ್ಟನ್ ಮತ್ತು ಜೆಫ್ರಿ ಪುಲಮ್ ಅವರ ಬೃಹತ್ ವ್ಯಾಕರಣವೂ ಅದನ್ನೇ ಹೇಳುತ್ತದೆ. ‘ಗೋ’ ಎಂಬುದಕ್ಕೆ ಭೂತಕಾಲದಲ್ಲಿ ‘ವೆಂಟ್’ ಎಂಬ ರೂಪವಿದೆ, ಭವಿಷ್ಯಕ್ಕೆ ಅಂಥದ್ದೊಂದು ರೂಪವಿಲ್ಲ. ಆ ಕೆಲಸಕ್ಕೆ ಅವರು ಬೇರೆ ಬೇರೆ ಪದಗಳನ್ನು ಎರವಲು ತಂದುಕೊಂಡರು. ‘ವಿಲ್’ ಎಂದರೆ ಮೂಲದಲ್ಲಿ ಇಚ್ಛೆ. ಆಸ್ತಿಗೆ ಉಯಿಲು ಬರೆಸುತ್ತೇವಲ್ಲ, ಆ ಉಯಿಲೂ ಇದೇ ‘ವಿಲ್’. ಅದೂ ಇಚ್ಛೆಯೇ. ‘ಶಲ್’ ಎಂದರೆ ಮೂಲದಲ್ಲಿ ಋಣ, ಮಾಡಲೇಬೇಕಾದ ಬಾಧ್ಯತೆ. ಒಂದು ಇಚ್ಛೆ, ಇನ್ನೊಂದು ಹಂಗು. ಇವೆರಡನ್ನು ತಂದು ನಾವು ಕಾಲದ ಕಾಲಂನಲ್ಲಿ ಕೂರಿಸಿದೆವು.

ಕೂರಿಸಿದವರಲ್ಲಿ ಹೆಸರಾದವರು ಜಾನ್ ವಾಲಿಸ್. ಆಕ್ಸ್‌ಫರ್ಡಿನಲ್ಲಿ ರೇಖಾಗಣಿತದ ಪ್ರಾಧ್ಯಾಪಕರು. ಗಣಿತದಲ್ಲಿ ಅನಂತವನ್ನು ಸೂಚಿಸುವ, ಮಲಗಿದ ಎಂಟರಂಥ ಚಿಹ್ನೆ ಅವರದೇ ಕೊಡುಗೆ. ಅವರು 1653ರಲ್ಲಿ ಒಂದು ಇಂಗ್ಲಿಷ್ ವ್ಯಾಕರಣ ಬರೆದರು, ಲ್ಯಾಟಿನ್ನಿನಲ್ಲಿ, ಇಂಗ್ಲಿಷ್ ಬಾರದ ವಿದೇಶಿಯರಿಗಾಗಿ. ‘ಐ’ ಮತ್ತು ‘ವಿ’ಗಳ ಜೊತೆ ‘ಶಲ್’, ಉಳಿದವಕ್ಕೆ ‘ವಿಲ್’ ಎಂಬ ನಿಯಮ ಹೆಸರಾದದ್ದು ಅಲ್ಲಿಂದ. ಹೊರಗಿನವರಿಗೆಂದು ಬರೆದದ್ದು ಮುನ್ನೂರು ವರ್ಷ ದಾಟಿ ನಮ್ಮ ಪ್ರೌಢಶಾಲೆಗಳನ್ನು ತಲುಪಿತು. ಇಂಗ್ಲೆಂಡಿನ ಜನ ಇವತ್ತು ‘ಶಲ್ ವಿ ಗೋ?’ ಎಂದು ಎದ್ದು ನಿಲ್ಲುವಾಗ ಬಿಟ್ಟರೆ ‘ಶಲ್’ ಬಳಸುವುದೇ ಅಪರೂಪ.

ಹಾಗಾದರೆ ನಾಳೆಯ ಪ್ರಯಾಣವನ್ನು ಅವರು ಹೇಗೆ ಹೇಳುತ್ತಾರೆ? ನಾನು ಹುಡುಗರಿಗೆ ಇದನ್ನು ರೈಲಿನ ಟಿಕೆಟಿನ ಭಾಷೆಯಲ್ಲಿ ವಿವರಿಸುತ್ತೇನೆ. ವ್ಯಾಕರಣ ಪುಸ್ತಕಕ್ಕಿಂತ ಅದು ಬೇಗ ತಲೆಗೆ ಹತ್ತುತ್ತದೆ.

ಟಿಕೆಟ್ ಕನ್ಫರ್ಮ್ ಆಗಿದೆ, ಬೋಗಿ ಸಂಖ್ಯೆ, ಬರ್ತ್ ಸಂಖ್ಯೆ ಎಲ್ಲ ಬಂದಿದೆ ಎಂದಿಟ್ಟುಕೊಳ್ಳಿ. ಆಗ ‘ಐ ಆ್ಯಮ್ ಗೋಯಿಂಗ್ ಟು ಡೆಲ್ಲಿ ಆನ್ ಫ್ರೈಡೇ’ ಎನ್ನಬೇಕು. ವರ್ತಮಾನದ ರೂಪವೇ, ಆದರೆ ಹಣ ಕೊಟ್ಟಾಗಿದೆ, ಆ ಕಡೆಯವರಿಗೆ ಹೇಳಿಯೂ ಆಗಿದೆ ಎಂಬ ಅರ್ಥ ಅದರೊಳಗೇ ಇದೆ. ನಾವೂ ‘ಶುಕ್ರವಾರ ದೆಹಲಿಗೆ ಹೊರಟಿದ್ದೇನೆ’ ಎನ್ನುವುದಿಲ್ಲವೇ? ಇನ್ನೂ ಮನೆಯ ಸೋಫಾದ ಮೇಲೆಯೇ ಕುಳಿತಿರುತ್ತೇವೆ, ಆದರೂ ‘ಹೊರಟಿದ್ದೇನೆ’.

ಎರಡನೆಯದು ಆರ್‌ಎಸಿ. ರೈಲು ಹತ್ತುವುದು ಖಚಿತ. ಆದರೆ ಸೈಡ್ ಲೋಯರ್ ಬರ್ತಿನಲ್ಲಿ ಅಪರಿಚಿತರೊಬ್ಬರ ಜೊತೆ ಕಾಲು ಮಡಚಿ ಕೂರಬೇಕೋ, ಪೂರ್ತಿ ಬರ್ತ್ ಸಿಗುತ್ತದೋ ಎಂಬುದು ತೀರ್ಮಾನವಾಗಿಲ್ಲ. ಮನಸ್ಸು ಗಟ್ಟಿ, ಏರ್ಪಾಡು ಅರ್ಧ. ಇದಕ್ಕೆ ‘ಗೋಯಿಂಗ್ ಟು’. ‘ಐ ಆ್ಯಮ್ ಗೋಯಿಂಗ್ ಟು ವಿಸಿಟ್ ಮೈ ಸಿಸ್ಟರ್ ದಿಸ್ ಸಮ್ಮರ್.’ ಹೋಗುವವನೇ, ಸಂಶಯವಿಲ್ಲ. ದಿನಾಂಕ ಮಾತ್ರ ಇನ್ನೂ ಗೊತ್ತಾಗಿಲ್ಲ. ಕನ್ನಡದಲ್ಲಿ ‘ಹೋಗುವವನಿದ್ದೇನೆ’ ಎಂಬ ಸೊಗಸಾದ ರೂಪವಿದೆ, ಅದರ ತೂಕವೂ ಇಷ್ಟೇ.

ವೇಟಿಂಗ್ ಲಿಸ್ಟ್ ಇದ್ದರೆ ‘ಐ ಆ್ಯಮ್ ಹೋಪಿಂಗ್ ಟು ಗೋ’. ಟಿಕೆಟ್ಟನ್ನೇ ತೆಗೆಯದೆ ಕ್ಯಾಲೆಂಡರನ್ನು ಮಾತ್ರ ನೋಡುತ್ತಿದ್ದರೆ ‘ಐ ಆ್ಯಮ್ ಥಿಂಕಿಂಗ್ ಆಫ್ ಗೋಯಿಂಗ್’, ಹೋಗಬೇಕೆಂದಿದ್ದೇನೆ. ‘ಹೋದರೂ ಹೋದೇನು’ ಎನ್ನುವಷ್ಟೇ ಮನಸ್ಸಿದ್ದರೆ ‘ಐ ಮೈಟ್ ಗೋ’. ಈ ‘ಹೋದೇನು, ಬಂದಾನು, ಸಿಕ್ಕೀತು’ ಎಂಬ ಸಂಭಾವನಾ ರೂಪದ ಸೂಕ್ಷ್ಮವನ್ನು ಒಂದೇ ಪದದಲ್ಲಿ ಇಟ್ಟುಕೊಂಡಿರುವ ನಾವು, ಇಂಗ್ಲಿಷಿಗೆ ದಾಟಿದ ಕೂಡಲೇ ಎಲ್ಲವನ್ನೂ ‘ಐ ವಿಲ್ ಗೋ’ ಎಂಬ ಒಂದೇ ಚೀಲಕ್ಕೆ ತುರುಕುತ್ತೇವೆ. ನನಗೆ ಬೇಸರವಾಗುವುದು ಅದಕ್ಕೆ. ಅಜ್ಞಾನದಿಂದ ಆಗುವ ತಪ್ಪಲ್ಲ ಅದು. ಇದ್ದದ್ದನ್ನು ಮನೆಯಲ್ಲಿ ಬಿಟ್ಟು ಹೊರಟದ್ದು.

ಹಾಗಾದರೆ ‘ವಿಲ್’ಗೆ ಕೆಲಸವೇ ಇಲ್ಲವೇ ಎಂದರೆ, ಇದೆ. ಅದು ತತ್ಕಾಲ್. ಹಿಂದಿನ ದಿನ ಬೆಳಿಗ್ಗೆ ಹವಾನಿಯಂತ್ರಿತ ಬೋಗಿಗೆ 10 ಗಂಟೆಗೆ, ಸ್ಲೀಪರಿಗೆ 11 ಗಂಟೆಗೆ ಕಿಟಕಿ ತೆರೆಯುತ್ತದಲ್ಲ, ಆ ಹೊತ್ತಿನ ನಿರ್ಧಾರ. ಮನೆಯಲ್ಲಿ ‘ಅತ್ತೆಗೆ ಹುಷಾರಿಲ್ಲವಂತೆ, ಯಾರು ಹೋಗುತ್ತೀರಿ?’ ಎಂಬ ಮಾತು ಬಂದಾಗ ನೀವು ತಟ್ಟನೆ ‘ನಾನು ಹೋಗುತ್ತೇನೆ’ ಎನ್ನುತ್ತೀರಿ. ಅದು ‘ಐ ವಿಲ್ ಗೋ’, ಮಾತಿನಲ್ಲಿ ಕುಗ್ಗಿಸಿ ‘ಐಲ್ ಗೋ’. ಮಾತು ಬಾಯಿಂದ ಬೀಳುವಾಗಲೇ ನಿರ್ಧಾರವೂ ಹುಟ್ಟುತ್ತಿದೆ. ಆದರೆ ಅರ್ಧ ಗಂಟೆಯ ನಂತರ ಅದೇ ವಿಷಯವನ್ನು ಅಣ್ಣನಿಗೆ ಫೋನ್ ಮಾಡಿ ಹೇಳುವಾಗ ಅದು ‘ಐ ಆ್ಯಮ್ ಗೋಯಿಂಗ್’ ಆಗಿರುತ್ತದೆ. ನಿರ್ಧಾರ ಹಳೆಯದಾಯಿತು, ಟಿಕೆಟ್ ಕೈಗೆ ಬಂತು.

ಈಗ ರೈಲನ್ನೇ ಕರ್ತೃ ಮಾಡೋಣ. ರೈಲಿಗೆ ಮನಸ್ಸಿಲ್ಲ, ವೇಳಾಪಟ್ಟಿ ಮಾತ್ರ ಇದೆ. ಅದಕ್ಕೇ ಅವರು ‘ದ ಟ್ರೈನ್ ಲೀವ್ಸ್ ಅಟ್ ಸಿಕ್ಸ್’ ಎನ್ನುತ್ತಾರೆ, ‘ವಿಲ್ ಲೀವ್’ ಎಂದು ಎಳೆಯುವುದಿಲ್ಲ. ಇನ್ನೂ ಸಹಜವಾದದ್ದು ‘ದೇರ್ಸ್ ಎ ಬಸ್ ಅಟ್ ಸಿಕ್ಸ್’. ಇದು ಅಪ್ಪಟ ಕನ್ನಡದಂತೆಯೇ ಇದೆ: ಆರಕ್ಕೆ ಒಂದು ಬಸ್ಸಿದೆ. ಹರಟೆಯಿಂದ ತಪ್ಪಿಸಿಕೊಳ್ಳಬೇಕಾದಾಗ ‘ಐ ಹ್ಯಾವ್ ಎ ಟ್ರೈನ್ ಟು ಕ್ಯಾಚ್’ ಎಂಬ ವಾಕ್ಯ ಬಹಳ ಉಪಕಾರಿ. ರೈಲು ಇರಲೇಬೇಕೆಂಬ ನಿಯಮವೇನಿಲ್ಲ.

ಕ್ರಿಯಾಪದಗಳ ಬಗ್ಗೆ ಒಂದೆರಡು ಮಾತು. ‘ಐ ಆ್ಯಮ್ ಗೋಯಿಂಗ್ ಬೈ ಫ್ಲೈಟ್’ ಎಂಬುದು ನಮ್ಮ ಕಡೆಯದು. ಅವರಿಗೆ ವಾಹನವೇ ಕ್ರಿಯಾಪದ: ‘ಐ ಆ್ಯಮ್ ಫ್ಲೈಯಿಂಗ್ ಟು ಲಂಡನ್’, ‘ವಿ ಆರ್ ಡ್ರೈವಿಂಗ್ ಡೌನ್ ಟು ಮೈಸೂರು’. ಬಸ್ಸು, ರೈಲುಗಳಾದರೆ ‘ಟೇಕ್’: ‘ಐ ಆ್ಯಮ್ ಟೇಕಿಂಗ್ ದ ನೈಟ್ ಬಸ್’. ಇನ್ನು ‘ರೀಚ್’. ಕನ್ನಡದಲ್ಲಿ ‘ತಲುಪಿದೆಯಾ?’ ‘ತಲುಪಿದೆ’ ಎಂದರೆ ಸಾಕು, ಎಲ್ಲಿಗೆ ಎನ್ನುವುದು ಇಬ್ಬರಿಗೂ ಗೊತ್ತು. ಅದನ್ನೇ ‘ಐ ವಿಲ್ ರೀಚ್ ಅಟ್ ಸಿಕ್ಸ್’ ಎಂದು ಮಾಡುತ್ತೇವೆ. ಇಂಗ್ಲಿಷಿನ ‘ರೀಚ್’ ಊರಿನ ಹೆಸರಿಲ್ಲದೆ ನಿಲ್ಲುವುದಿಲ್ಲ, ಮೇಲಾಗಿ ದಿನಬಳಕೆಗೆ ಅದು ಸ್ವಲ್ಪ ಭಾರ. ಅವರ ಬಾಯಲ್ಲಿರುವುದು ‘ಗೆಟ್’. ‘ವಾಟ್ ಟೈಮ್ ಡು ಯು ಗೆಟ್ ಇನ್?’ ಎಂದು ಯಾರಾದರೂ ಕೇಳಿದರೆ ಗಾಬರಿಯಾಗಬೇಡಿ. ಯಾವುದರ ಒಳಗೂ ಹೋಗಬೇಕಾಗಿಲ್ಲ, ನಿಮ್ಮ ವಿಮಾನ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದಷ್ಟೇ ಪ್ರಶ್ನೆ. ‘ಮೈ ಫ್ಲೈಟ್ ಗೆಟ್ಸ್ ಇನ್ ಅಟ್ ಸಿಕ್ಸ್’ ಎಂದರಾಯಿತು.

ಇಲ್ಲೊಂದು ಸ್ವಾರಸ್ಯವಿದೆ. ‘ಐ ವಿಲ್ ಕಾಲ್ ಯು ವೆನ್ ಐ ವಿಲ್ ರೀಚ್’ ಎಂಬ ವಾಕ್ಯವನ್ನು ನಾನು ಉತ್ತರ ಪತ್ರಿಕೆಗಳಲ್ಲಿ ಎಷ್ಟು ಸಲ ಕೆಂಪು ಶಾಯಿಯಿಂದ ಹೊಡೆದು ಹಾಕಿದ್ದೇನೋ ಲೆಕ್ಕವಿಲ್ಲ. ಪ್ರಶ್ನೆ ಕೇಳುವಾಗಿನ ‘ವೆನ್’ ಬೇರೆ; ‘ತಲುಪಿದಾಗ’ ಎಂಬಂಥ ಅರ್ಥದ ‘ವೆನ್’ ಆದ ಮೇಲೆ ‘ವಿಲ್’ ಬರುವುದಿಲ್ಲ, ‘ವೆನ್ ಐ ಗೆಟ್ ದೇರ್’ ಎನ್ನಬೇಕು. ಮಾತೃಭಾಷೆಯ ಪ್ರಭಾವದಿಂದ ಈ ತಪ್ಪಾಗುತ್ತದೆ ಎಂದೇ ನಾವು ಅಧ್ಯಾಪಕರೆಲ್ಲ ನಂಬಿದ್ದೆವು. ಒಂದು ದಿನ ಬಸ್ ನಿಲ್ದಾಣದಲ್ಲಿ ತಾಯಿಯೊಬ್ಬರು ಕಿಟಕಿಯ ಪಕ್ಕ ಕುಳಿತ ಮಗನಿಗೆ ‘ತಲುಪಿದ ಮೇಲೆ ಫೋನ್ ಮಾಡು’ ಎಂದು ಕೂಗಿ ಹೇಳುತ್ತಿದ್ದರು. ತಲುಪಿದ ಮೇಲೆ! ಭವಿಷ್ಯತ್ತೇ ಇಲ್ಲ ಅಲ್ಲಿ. ಇನ್ನೂ ಬಸ್ಸೇ ಹೊರಟಿಲ್ಲ, ಕ್ರಿಯಾಪದ ಆಗಲೇ ಭೂತಕಾಲದಲ್ಲಿ ಊರು ಸೇರಿಬಿಟ್ಟಿದೆ. ಕನ್ನಡವೂ ಆ ಜಾಗದಲ್ಲಿ ಭವಿಷ್ಯವನ್ನು ಒಲ್ಲದು. ‘ವೆನ್ ಐ ವಿಲ್’ ನಮ್ಮ ಮನೆಯಿಂದ ಬಂದದ್ದಲ್ಲ, ನನ್ನ ಕಪ್ಪು ಹಲಗೆಯ ಮೂರನೆಯ ಕಾಲಂನಿಂದ ಬಂದದ್ದು. ಅಷ್ಟು ವರ್ಷ ನಾನು ಬೈದದ್ದು ಕನ್ನಡವನ್ನು.

ಮನೆಯಿಂದಲೇ ಬರುವ ತಪ್ಪುಗಳೂ ಇವೆ. ‘ಎರಡು ದಿನ ಬಿಟ್ಟು ಬರುತ್ತೇನೆ’ ಎಂಬುದು ‘ಐ ವಿಲ್ ಕಮ್ ಆಫ್ಟರ್ ಟು ಡೇಸ್’ ಆಗುತ್ತದೆ. ಮುಂದಿನ ದಿನಗಳನ್ನು ಈ ಕ್ಷಣದಿಂದ ಎಣಿಸುವಾಗ ಅವರಿಗೆ ಬೇಕಾದದ್ದು ‘ಇನ್’: ‘ಐ ಆ್ಯಮ್ ಲೀವಿಂಗ್ ಇನ್ ಟು ಡೇಸ್’. ‘ಟುಡೇ ನೈಟ್’ ಕೂಡ ಹೀಗೆಯೇ, ಅವರದು ‘ಟುನೈಟ್’. ‘ನಾಡಿದ್ದು’ ಎಂಬ ಒಂದು ಪದದ ಜಾಗಕ್ಕೆ ‘ದ ಡೇ ಆಫ್ಟರ್ ಟುಮಾರೋ’ ಎಂದು ನಾಲ್ಕು ಪದ ಜೋಡಿಸುವ ಅವರ ಪಾಡು ನೋಡಿದರೆ ಪಾಪ ಎನ್ನಿಸುತ್ತದೆ.

ಇನ್ನು ಹೇಳುವುದು ನನ್ನ ಸ್ವಂತ ಅವಮಾನದ ಕತೆ. ಹಲವು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಅಧ್ಯಾಪಕರಿಗಾಗಿ ನಡೆದ ಕಿರು ತರಬೇತಿಗೆ ಹೋಗಿದ್ದೆ. ಒಂದು ಶನಿವಾರ ಸ್ಟ್ರಾಟ್‌ಫರ್ಡ್ ಅಪಾನ್ ಏವನ್‌ಗೆ ಬಸ್ಸಿನಲ್ಲಿ ಹೋಗುವುದೆಂದು ಹಣ ಕಟ್ಟಿದ್ದೆ. ಇಂಗ್ಲಿಷ್ ಮೇಷ್ಟ್ರಿಗೆ ಶೇಕ್ಸ್‌ಪಿಯರ್ ಹುಟ್ಟಿದ ಊರು ಎಂದರೆ ಸುಮ್ಮನೆಯೇ? ಬೆಳಿಗ್ಗೆ 8 ಗಂಟೆಗೆ ಬಸ್ಸು. ಹಿಂದಿನ ಸಂಜೆ ಬಾಗಿಲ ಕೆಳಗೆ ಒಂದು ಚೀಟಿ ಬಂತು. ಹೊರಡುವ ಸಮಯವನ್ನು ಒಂದು ಗಂಟೆ ‘ಬ್ರಾಟ್ ಫಾರ್ವರ್ಡ್’ ಮಾಡಲಾಗಿದೆ ಎಂದಿತ್ತು. ಓದಿದೆ, ಅರ್ಥವಾಯಿತು: ಒಂದು ಗಂಟೆ ಮುಂದಕ್ಕೆ ಹಾಕಿದ್ದಾರೆ. ಸಂತೋಷವಾಗಿ ಒಂದು ಗಂಟೆ ಹೆಚ್ಚು ಮಲಗಿದೆ. ಎಂಟು ಮುಕ್ಕಾಲಿಗೆ ಕೋಟು ತೊಟ್ಟು, ಬಗಲಲ್ಲಿ ಬ್ರೆಡ್ಡಿನ ಪೊಟ್ಟಣ ಹಿಡಿದು ನಿಲ್ದಾಣಕ್ಕೆ ಹೋದರೆ ಅಲ್ಲಿ ಯಾರೂ ಇಲ್ಲ. ಕಸ ಗುಡಿಸುತ್ತಿದ್ದ ಒಬ್ಬರು ಬಸ್ಸು 7 ಗಂಟೆಗೇ ಹೋಯಿತೆಂದು ಹೇಳಿದರು. ಆ ಊರನ್ನು ನಾನು ಇವತ್ತಿನವರೆಗೆ ನೋಡಿಲ್ಲ.

ಆ ದಿನ ಕೋಣೆಗೆ ಮರಳಿ ಬ್ರೆಡ್ಡು ತಿನ್ನುತ್ತಾ ಯೋಚಿಸಿದೆ. ನಾವು ‘ಮುಂದೂಡಿದರು’, ‘ಮುಂದಕ್ಕೆ ಹಾಕಿದರು’ ಎಂದರೆ ತಡವಾಯಿತು ಎಂದರ್ಥ. ಅವರು ‘ಮುಂದಕ್ಕೆ ತಂದೆವು’ ಎಂದರೆ ಬೇಗನಾಯಿತು ಎಂದರ್ಥ. ನಾವು ನಮ್ಮ ಎದುರಿಗೆ ಚಾಚಿಕೊಂಡಿರುವ ದಿನಗಳ ಕಡೆಗೆ ವಸ್ತುವನ್ನು ತಳ್ಳುತ್ತೇವೆ, ಅವರು ಅದನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಹಾಗೆಂದು ನಮ್ಮ ಕನ್ನಡವೇನು ನೆಟ್ಟಗಿದೆಯೇ? ‘ಮುಂದಿನ ದಿನ’ ಎಂದರೆ ನಾಳೆಯ ಕಡೆಯದು, ‘ಮುನ್ನಾ ದಿನ’ ಎಂದರೆ ಹಿಂದಿನದು. ‘ಮುಂದೆ’ ಎಂದರೆ ಆಮೇಲೆ, ‘ಮುಂಚೆ’ ಎಂದರೆ ಮೊದಲು. ಎಲ್ಲಕ್ಕೂ ಬೇರು ಒಂದೇ ‘ಮುನ್’. ಮಗುವಿಗೆ ಕನ್ನಡ ಕಲಿಸಿದವರಿಗೆ ಈ ಫಜೀತಿ ಗೊತ್ತು.

ಇಂಗ್ಲಿಷಿನವರೂ ಈ ಗೊಂದಲದಿಂದ ಪಾರಾಗಿಲ್ಲ. ಬುಧವಾರದ ಸಭೆಯನ್ನು ಎರಡು ದಿನ ‘ಮೂವ್ಡ್ ಫಾರ್ವರ್ಡ್’ ಮಾಡಿದ್ದಾರೆ, ಸಭೆ ಈಗ ಯಾವ ದಿನ ಎಂದು ಕೇಳಿದರೆ ಕೆಲವರು ಸೋಮವಾರ ಎನ್ನುತ್ತಾರೆ, ಕೆಲವರು ಶುಕ್ರವಾರ ಎನ್ನುತ್ತಾರೆ. ಲೆರಾ ಬೊರೊಡಿಟ್ಸ್ಕಿ ಮತ್ತು ಮೈಕೆಲ್ ರಾಮ್ಸ್ಕರ್ ಎಂಬ ಸಂಶೋಧಕರು ಈ ಪ್ರಶ್ನೆಯನ್ನು ಹಿಡಿದು ವಿಮಾನ ನಿಲ್ದಾಣಕ್ಕೇ ಹೋದರು. 2002ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಯಾರನ್ನೋ ಕರೆದುಕೊಂಡು ಹೋಗಲು ಬಂದು ಕಾಯುತ್ತಿದ್ದವರಿಗಿಂತ, ಆಗಷ್ಟೇ ವಿಮಾನದಿಂದ ಇಳಿದವರಲ್ಲಿ ‘ಶುಕ್ರವಾರ’ ಎಂದವರು ಬಹಳ ಹೆಚ್ಚು. ತಾವೇ ಮುಂದಕ್ಕೆ ಚಲಿಸಿ ಬಂದವರಿಗೆ ಸಭೆಯೂ ತಮ್ಮ ದಾರಿಯಲ್ಲೇ ಮುಂದಕ್ಕೆ ಹೋದಂತೆ ಕಂಡಿತು. ಕಾದು ಕುಳಿತವರಿಗೆ ಹಾಗೆ ಕಾಣಲಿಲ್ಲ. ಇದನ್ನು ಓದಿದ ದಿನ ನನ್ನ ಬ್ರೆಡ್ಡಿನ ಪೊಟ್ಟಣದ ನೋವು ಸ್ವಲ್ಪ ಕಡಿಮೆಯಾಯಿತು.

ವ್ಯವಹಾರಕ್ಕೆ ಬೇಕಾದದ್ದು ಇಷ್ಟು: ‘ಬ್ರಾಟ್ ಫಾರ್ವರ್ಡ್’ ಎಂದರೆ, ಅಮೆರಿಕದಲ್ಲಿ ‘ಮೂವ್ಡ್ ಅಪ್’ ಎಂದರೆ, ಬೇಗ ಹೊರಡಿ. ‘ಪುಟ್ ಬ್ಯಾಕ್’, ‘ಪುಶ್ಡ್ ಬ್ಯಾಕ್’ ಎಂದರೆ ಇನ್ನೂ ಸಮಯವಿದೆ. ನಮ್ಮ ‘ಪ್ರಿಪೋನ್’ ಎಷ್ಟು ಚೊಕ್ಕವಾದ ಪದ ನೋಡಿ, ಇದರಲ್ಲಿ ಹಿಂದೂ ಇಲ್ಲ, ಮುಂದೂ ಇಲ್ಲ. ಇಂಗ್ಲಿಷಿಗೆ ಒಂದು ಒಳ್ಳೆಯ ಪದವನ್ನು ಕೊಟ್ಟು ಬೈಗುಳ ತಿಂದವರು ನಾವು. ನಮ್ಮ ನಮ್ಮಲ್ಲಿ ಧಾರಾಳವಾಗಿ ಬಳಸಿ. ಹೊರಗಿನ ಎಷ್ಟೋ ಜನರಿಗೆ ಅದು ಅರ್ಥವಾಗುವುದಿಲ್ಲ ಎನ್ನುವುದು ಮಾತ್ರ ನೆನಪಿರಲಿ.

‘ಔಟ್ ಆಫ್ ಸ್ಟೇಷನ್’ ಎಂಬುದರ ಬಗ್ಗೆಯೂ ನನಗೆ ಇಂಥದ್ದೇ ಮಮತೆ. ಇಲ್ಲಿನ ಸ್ಟೇಷನ್ ರೈಲ್ವೆ ಸ್ಟೇಷನ್ ಅಲ್ಲ. ಕಂಪನಿಯ ಕಾಲದಿಂದಲೂ ಜಿಲ್ಲೆಯ ಬ್ರಿಟಿಷ್ ಅಧಿಕಾರಿಗಳು, ದಂಡಿನ ಅಧಿಕಾರಿಗಳು ವಾಸವಿದ್ದ ನೆಲೆಗೆ ಸ್ಟೇಷನ್ ಎನ್ನುತ್ತಿದ್ದರು. 1886ರಲ್ಲಿ ಬಂದ ಹಾಬ್ಸನ್-ಜಾಬ್ಸನ್ ನಿಘಂಟಿನಲ್ಲಿ ಈ ಅರ್ಥ ದಾಖಲಾಗಿದೆ. ನಮಗೆ ಸಾಕ್ಷಿ ಅಷ್ಟು ದೂರವೂ ಇಲ್ಲ. 1809ರಲ್ಲಿ ದಂಡು ನೆಲೆಯೂರಿದ ಬೆಂಗಳೂರಿನ ಆ ಭಾಗಕ್ಕೆ ಸಿವಿಲ್ ಆ್ಯಂಡ್ ಮಿಲಿಟರಿ ಸ್ಟೇಷನ್ ಎಂದೇ ಹೆಸರಾಯಿತು. ಅದು ನಗರದ ಉಳಿದ ಭಾಗದೊಡನೆ ಒಂದೇ ಪಾಲಿಕೆಯಡಿ ಬಂದದ್ದು 1949ರಲ್ಲಿ. ಆ ನೆಲೆಯನ್ನು ಬಿಟ್ಟು ಹೋದವನು ‘ಔಟ್ ಆಫ್ ಸ್ಟೇಷನ್’. ನಮ್ಮ ಸರ್ಕಾರಿ ನೌಕರರು ಇವತ್ತಿಗೂ ರಜೆಯ ಅರ್ಜಿಯ ಜೊತೆ ‘ಕೇಂದ್ರಸ್ಥಾನ ಬಿಡಲು ಅನುಮತಿ’ ಕೇಳುವುದು ಅದರದೇ ಮುಂದುವರಿಕೆ. ಈಗ ಬಾಡಿಗೆ ಕಾರಿನ ಆ್ಯಪುಗಳಲ್ಲಿಯೂ ‘ಔಟ್‌ಸ್ಟೇಷನ್’ ಎಂಬ ಗುಂಡಿ ಇದೆ. ಕಂಪನಿ ಹೋಯಿತು, ದಂಡು ಹೋಯಿತು, ಪದ ಮಾತ್ರ ಟ್ಯಾಕ್ಸಿ ಹತ್ತಿ ಕುಳಿತಿದೆ. ಆದರೆ ಲಂಡನ್ನಿನ ಸಹೋದ್ಯೋಗಿಗೆ ‘ಐ ವಿಲ್ ಬಿ ಔಟ್ ಆಫ್ ಸ್ಟೇಷನ್’ ಎಂದು ಬರೆದರೆ ನೀವು ರೈಲು ನಿಲ್ದಾಣದ ಹೊರಗೆ ನಿಂತಿದ್ದೀರಿ ಎಂದುಕೊಂಡಾರು. ‘ಐ ವಿಲ್ ಬಿ ಅವೇ’ ಎನ್ನಿ. ‘ಐ ಆ್ಯಮ್ ಔಟ್ ಆಫ್ ಟೌನ್ ಟಿಲ್ ದ ನೈನ್ತ್’ ಎಂದರೂ ಸರಿ. ಆದರೆ ಒಂಬತ್ತರಂದು ಸಿಗುತ್ತೀರೋ ಇಲ್ಲವೋ ಎಂಬ ಅನುಮಾನ ಉಳಿಯುತ್ತದೆ. ‘ಐ ಆ್ಯಮ್ ಬ್ಯಾಕ್ ಆನ್ ದ ಟೆಂತ್’ ಎಂದು ಸೇರಿಸಿದರೆ ಜಗಳವಿಲ್ಲ.

ಹಬ್ಬಕ್ಕೆ ಊರಿಗೆ ಹೋಗುವವರು ‘ಐ ಆ್ಯಮ್ ಗೋಯಿಂಗ್ ಟು ಮೈ ನೇಟಿವ್’ ಎಂದರೆ ಹೊರಗಿನವರು ‘ನೇಟಿವ್ ಏನು?’ ಎಂದು ಕಾಯುತ್ತಾರೆ, ಮುಂದಿನ ಪದಕ್ಕಾಗಿ. ‘ಐ ಆ್ಯಮ್ ಗೋಯಿಂಗ್ ಹೋಮ್ ಫಾರ್ ಯುಗಾದಿ’ ಸಾಕು. ‘ವಾಟ್ ಈಸ್ ಯುವರ್ ಪ್ರೋಗ್ರಾಂ?’ ಬೇಡ, ‘ವಾಟ್ ಆರ್ ಯುವರ್ ಪ್ಲ್ಯಾನ್ಸ್?’ ಇರಲಿ. ಬೀಳ್ಕೊಡುವಾಗ ‘ಹ್ಯಾಪಿ ಜರ್ನಿ’ ನಮ್ಮ ಹೆದ್ದಾರಿಯ ಹಲಗೆಗಳಿಗೆ ಚೆನ್ನ; ಅವರು ಹೇಳುವುದು ‘ಹ್ಯಾವ್ ಎ ಗುಡ್ ಟ್ರಿಪ್’, ಅಥವಾ ‘ಸೇಫ್ ಟ್ರಾವೆಲ್ಸ್’.

ಹೊರಡುವ ಗಳಿಗೆಯದೇ ಒಂದು ಬೇರೆ ವ್ಯಾಕರಣ. ಒಳಗಿನಿಂದ ಯಾರಾದರೂ ಕರೆದರೆ ನಾವು ‘ಬಂದೆ ಬಂದೆ’ ಎನ್ನುತ್ತೇವೆ, ಬಂದಿರುವುದಿಲ್ಲ. ಚಪ್ಪಲಿ ಮೆಟ್ಟುತ್ತಾ ‘ನಾನು ಹೊರಟೆ’ ಎನ್ನುತ್ತೇವೆ, ಹೊರಟಿರುವುದಿಲ್ಲ. ಭೂತಕಾಲವೇ ಅತಿ ಹತ್ತಿರದ ಭವಿಷ್ಯ. ಇಂಗ್ಲಿಷಿನಲ್ಲಿ ಇದರ ಜಾಗಕ್ಕೆ ‘ಐ ಆ್ಯಮ್ ಆಫ್’ ಬರುತ್ತದೆ. ‘ಐ ಆ್ಯಮ್ ಆಫ್ ಟು ಹಾಸನ್’ ಎಂದರೆ ಹಾಸನಕ್ಕೆ ಹೊರಟೆ. ಎರಡೇ ಅಕ್ಷರದ ಈ ‘ಆಫ್’ ಕಲಿತವರ ಇಂಗ್ಲಿಷ್‌ಗೆ ಒಮ್ಮೆಲೇ ಗೆಲುವು ಬರುತ್ತದೆ. ಆದರೆ ‘ಹೋಗಿ ಬರುತ್ತೇನೆ’ ಎಂಬುದಕ್ಕೆ ಅವರಲ್ಲಿ ಏನೂ ಇಲ್ಲ. ಬರಿದೇ ‘ಹೋಗುತ್ತೇನೆ’ ಎಂದರೆ ಅಪಶಕುನ ಎಂದು ನಾವು ‘ಬರುತ್ತೇನೆ’ ಎಂದೇ ಹೊರಡುವವರು. ಹೊರಟವರನ್ನು ‘ಎಲ್ಲಿಗೆ?’ ಎಂದು ಅಡ್ಡ ಕೇಳಬಾರದೆಂದು ‘ದೂರ ಹೊರಟಿರಾ?’ ಎಂದು ಸುತ್ತಿ ಬಳಸಿ ಕೇಳುವವರು. ಇದನ್ನು ‘ಐ ವಿಲ್ ಗೋ ಆ್ಯಂಡ್ ಕಮ್’ ಎಂದು ಹೊತ್ತುಕೊಂಡು ಹೋದರೆ ಆತಿಥೇಯರು ಊಟದ ತಟ್ಟೆ ತೆಗೆಯದೆ ಕಾದು ಕುಳಿತಾರು. ಅಲ್ಲಿ ‘ಐ ಷುಡ್ ಗೆಟ್ ಗೋಯಿಂಗ್’ ಎಂದು ಎದ್ದು, ‘ಸೀ ಯು ಸೂನ್’ ಎಂದು ಮುಗಿಸಬೇಕು. ಮನಸ್ಸಿನೊಳಗೆ ‘ಬರುತ್ತೇನೆ’ ಎಂದುಕೊಳ್ಳಿ, ಯಾರೂ ಬೇಡವೆನ್ನುವುದಿಲ್ಲ.

ನನ್ನ ಮಾತು ಇಷ್ಟು. ಆಮೇಲೆ ಪ್ರಶ್ನೆಗಳು ಬಂದವು.

ಅತಿಥಿಗಳನ್ನು ಯಾವಾಗ ಹೊರಡುತ್ತೀರಿ ಎಂದು ಕೇಳುವುದು ಹೇಗೆ ಎಂದು ಒಬ್ಬ ಯುವಕ ಕೇಳಿದ. ಒಳ್ಳೆಯ ಪ್ರಶ್ನೆ, ಕನ್ನಡದಲ್ಲಿಯೇ ಇದು ಕಷ್ಟ. ‘ವೆನ್ ವಿಲ್ ಯು ಲೀವ್?’ ಎಂದರೆ ಯಾವಾಗ ತೊಲಗುತ್ತೀರಿ ಎಂಬಂತೆ ಕೇಳಿಸಬಹುದು, ಏಕೆಂದರೆ ‘ವಿಲ್’ ಅವರ ಇಚ್ಛೆಯನ್ನೇ ಪ್ರಶ್ನಿಸುತ್ತದೆ. ‘ವೆನ್ ವಿಲ್ ಯು ಬಿ ಲೀವಿಂಗ್?’ ಎಂದು ಒಂದು ‘ಬಿ’ ಸೇರಿಸಿದರೆ ಅದು ಸುಮ್ಮನೆ ವೇಳಾಪಟ್ಟಿ ವಿಚಾರಿಸಿದಂತೆ ಮೆತ್ತಗಾಗುತ್ತದೆ. ‘ಐ ವಿಲ್ ಬಿ ಸ್ಟೇಯಿಂಗ್’, ‘ವಿ ವಿಲ್ ಬಿ ಲ್ಯಾಂಡಿಂಗ್ ಶಾರ್ಟ್ಲಿ’ ಎಲ್ಲವೂ ಇದೇ ಜಾತಿ: ನಾನು ಹಟ ಹಿಡಿದಿಲ್ಲ, ಆಗುವುದು ಹೀಗೆ ಆಗುತ್ತದೆ, ಅಷ್ಟೆ.

ಎರಡನೆಯ ಸಾಲಿನಲ್ಲಿದ್ದ ತಾಯಿಯೊಬ್ಬರು ಮುಂದಿನ ತಿಂಗಳು ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟವರು. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಕೇಳಿದರೆ ಹೇಳಲೆಂದು ‘ಐ ಹ್ಯಾವ್ ಕಮ್ ಫಾರ್ ಡೆಲಿವರಿ’ ಎಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದರು. ಸಭೆಯಲ್ಲಿ ನಗು ಎದ್ದಿತು, ಅವರೂ ನಕ್ಕರು. ಹೆರುವವರು ಯಾರೆಂಬುದು ಆ ವಾಕ್ಯದಲ್ಲಿಲ್ಲ. ‘ಐ ಆ್ಯಮ್ ವಿಸಿಟಿಂಗ್ ಮೈ ಡಾಟರ್. ಶಿ ಈಸ್ ಹ್ಯಾವಿಂಗ್ ಎ ಬೇಬಿ’ ಎಂದು ತಿದ್ದಿದೆವು. ಎರಡನೆಯ ಸಾಲು ‘ಐ ವಿಲ್ ಲಿವ್ ವಿತ್ ಹರ್’ ಎಂದಿತ್ತು. ಅಲ್ಲಿ ನಾನು ನಗಲಿಲ್ಲ. ನಾವು ‘ವೇರ್ ಡು ಯು ಸ್ಟೇ?’ ಎಂದು ಕೇಳಿ ಮೈಸೂರಿನಲ್ಲಿ ಐವತ್ತು ವರ್ಷದಿಂದ ಇರುವವರನ್ನೂ ‘ಸ್ಟೇ’ ಮಾಡಿಸುವವರು. ಇಂಗ್ಲಿಷಿನಲ್ಲಿ ‘ಲಿವ್’ ಎಂದರೆ ಮನೆ ಮಾಡಿಕೊಂಡಿರುವುದು, ‘ಸ್ಟೇ’ ಎಂದರೆ ಕೆಲವು ದಿನ ಉಳಿದುಕೊಳ್ಳುವುದು. ಮೈಸೂರಿನಲ್ಲಿ ‘ಲಿವ್’, ಮಗಳ ಮನೆಯಲ್ಲಿ ‘ಸ್ಟೇಯಿಂಗ್’. ಸಂದರ್ಶಕರ ವೀಸಾ ಹತ್ತು ವರ್ಷದ್ದಾದರೂ ಈ ಸಲ ಎಷ್ಟು ದಿನ ಇರಬಹುದು ಎಂಬುದನ್ನು ಅಲ್ಲಿ ಇಳಿದ ಮೇಲೆ ಆ ಅಧಿಕಾರಿಯೇ ತೀರ್ಮಾನಿಸುತ್ತಾರೆ, ಸಾಮಾನ್ಯವಾಗಿ 6 ತಿಂಗಳು. ಅವರ ಮುಂದೆ ನಿಂತು ಮಗಳ ಜೊತೆ ‘ಲಿವ್’ ಮಾಡುತ್ತೇನೆ ಎನ್ನುವುದು ಒಳ್ಳೆಯದಲ್ಲ.

ಅವರು ಎದ್ದು ನಿಂತು ಎರಡು ಸಲ ಹೇಳಿದರು. ‘ಐ ಆ್ಯಮ್ ಸ್ಟೇಯಿಂಗ್ ವಿತ್ ಹರ್. ಐ ಆ್ಯಮ್ ಫ್ಲೈಯಿಂಗ್ ಬ್ಯಾಕ್ ಆನ್ ದ ಟ್ವೆಲ್ತ್ ಆಫ್ ಮಾರ್ಚ್.’ ಎರಡನೆಯ ಸಲ ಚೀಟಿ ನೋಡಲಿಲ್ಲ. ಕುಳಿತುಕೊಂಡ ಆ ತಾಯಿ ಮತ್ತೆ ಎದ್ದು ಕೇಳಿದರು.

‘ಸಾರ್, ಮಗು ಬರುವುದು ತಡವಾದರೆ ಟಿಕೆಟ್ ಮುಂದಕ್ಕೆ ಹಾಕಬೇಕಾಗುತ್ತದೆ. ಆಗ ವಿಮಾನದವರಿಗೆ ಫೋನ್ ಮಾಡಿ ಫಾರ್ವರ್ಡ್ ಅನ್ನಲೋ ಬ್ಯಾಕ್ ಅನ್ನಲೋ?’

ಎರಡೂ ಬೇಡ ತಾಯಿ, ತಾರೀಖನ್ನೇ ಹೇಳಿ ಎಂದೆ. ತಿಂಗಳ ಹೆಸರನ್ನು ಪೂರ್ತಿ ಹೇಳಿ, ಏಕೆಂದರೆ ಅಮೆರಿಕದವರು ಅಂಕಿಯಲ್ಲಿ ಬರೆಯುವಾಗ ತಿಂಗಳನ್ನು ಮೊದಲು ಬರೆಯುತ್ತಾರೆ. ನಿಮ್ಮ ಮಾರ್ಚ್ 12 ಅವರ ಕಡತದಲ್ಲಿ ಡಿಸೆಂಬರ್ 3 ಆಗಿ ಕುಳಿತೀತು.